ಒಂದು ಮುಖ, ಮೂವತ್ತು ಮನೆ

ಮನುಷ್ಯನು ಮನೆ ಕಟ್ಟುವುದು ತನ್ನ ಸಂಸಾರದ ಸುಖಕ್ಕಾಗಿ. ಆದರೆ ಆ ಮನೆಯ ಮುಂಭಾಗವನ್ನು ದಿನವೂ ನೋಡುವವರು ಬೀದಿಯಲ್ಲಿ ನಡೆದಾಡುವ ಜನರು. ಒಳಗೆ ವಾಸಿಸುವವನ ಕಣ್ಣಿಗೆ ಬೀಳುವುದು ಎದುರು ಮನೆಯ ಮುಂಭಾಗವೇ ಹೊರತು ತನ್ನ ಮನೆಯದಲ್ಲ. ಹಾಗಾದರೆ ಮನೆಯ ಮುಂಭಾಗ ಯಾರ ಸ್ವತ್ತು? ಅದು ಒಡೆಯನಿಗೆ ಸೇರಿದುದೋ, ಬೀದಿಗೆ ಸೇರಿದುದೋ, ಊರಿಗೇ ಸೇರಿದುದೋ? ಇದು ಸುಲಭವಾಗಿ ಉತ್ತರಿಸಬಹುದಾದ ಪ್ರಶ್ನೆಯಲ್ಲ. ಇಂಗ್ಲೆಂಡಿನ ಬಾತ್ ನಗರದಲ್ಲಿ ಸುಮಾರು ಇನ್ನೂರೈವತ್ತು ವರ್ಷಗಳ ಹಿಂದೆ ಕಟ್ಟಿದ ರಾಯಲ್ ಕ್ರೆಸೆಂಟ್ ಎಂಬ ಮನೆಗಳ ಸಾಲು ಈ ಪ್ರಶ್ನೆಗೆ ಕಲ್ಲಿನಲ್ಲಿಯೇ ಒಂದು ಉತ್ತರವನ್ನು ಹೇಳಿದೆ. ಆ ಉತ್ತರವು ಎಷ್ಟು ಚೆಲುವಾಗಿದೆ, ಅದರಲ್ಲಿ ಯಾವ ಕೊರತೆಗಳು ಅಡಗಿವೆ ಎಂಬುದನ್ನು ನೋಡೋಣ.

ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ, ಏವನ್ ನದಿಯು ಬೆಟ್ಟಗಳ ನಡುವೆ ಬಳಸಿ ಹರಿಯುವ ಕಡೆ ಬಾತ್ ನಗರವು ನೆಲಸಿದೆ. ಅಲ್ಲಿ ನೆಲದಾಳದಿಂದ ಬಿಸಿನೀರಿನ ಬುಗ್ಗೆಗಳು ಉಕ್ಕುತ್ತವೆ. ಆ ನೀರಿನ ಉಷ್ಣತೆ ಸುಮಾರು ೪೬ ಡಿಗ್ರಿ ಸೆಲ್ಸಿಯಸ್. ದಿನವೊಂದಕ್ಕೆ ಚಿಮ್ಮುವ ನೀರು ಹತ್ತು ಲಕ್ಷ ಲೀಟರಿಗೂ ಹೆಚ್ಚು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿಯೇ ರೋಮನ್ನರು ಇಲ್ಲಿ ಸ್ನಾನಗೃಹಗಳನ್ನೂ ದೇವಾಲಯವನ್ನೂ ಕಟ್ಟಿದ್ದರು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಆನ್ ರಾಣಿಯು ಚಿಕಿತ್ಸೆಗಾಗಿ ಇಲ್ಲಿಗೆ ಬಂದ ಮೇಲೆ ನಗರದ ಕೀರ್ತಿಯು ಮತ್ತೆ ಹಬ್ಬಿತು. ಕೀಲುನೋವಿನವರು ನೀರಿನ ಆಸೆಯಿಂದ ಬಂದರು. ನೋವಿಲ್ಲದವರು ನೃತ್ಯ, ಸಂಗೀತ, ಜೂಜು, ಹರಟೆಗಳ ಆಸೆಯಿಂದ ಬಂದರು. ಶ್ರೀಮಂತರು ವರ್ಷದಲ್ಲಿ ಕೆಲವು ತಿಂಗಳು ಬಂದು ತಂಗುವುದು ವಾಡಿಕೆಯಾಯಿತು. ಅವರಿಗೆ ಬಾಡಿಗೆಗೆ ಮನೆಗಳು ಬೇಕಾಗಿದ್ದವು. ಆ ಮನೆಗಳು ಅವರ ಅಂತಸ್ತಿಗೆ ತಕ್ಕಂತೆಯೂ ಇರಬೇಕಾಗಿತ್ತು. ಶತಮಾನದ ಆದಿಯಲ್ಲಿ ಕೆಲವೇ ಸಾವಿರ ಜನರಿದ್ದ ಈ ಊರು ೧೮೦೧ರ ಜನಗಣತಿಯ ವೇಳೆಗೆ ೩೦,೦೦೦ವನ್ನು ಮೀರಿ ಬೆಳೆದಿತ್ತು.

ಊರು ಹೀಗೆ ಬೆಳೆಯುವಾಗ ಮನೆಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಕಟ್ಟುವುದು ಅಲ್ಲಿಯ ರೂಢಿಯಾಯಿತು. ಇಂತಹ ಸಾಲುಮನೆಗಳಲ್ಲಿ ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಅದನ್ನು ನೆರೆಹೊರೆಯವರಿಬ್ಬರೂ ಹಂಚಿಕೊಳ್ಳುತ್ತಾರೆ. ಇದರಿಂದ ನೆಲವೂ ಕಲ್ಲೂ ಉಳಿಯುತ್ತವೆ. ಅಕ್ಕಪಕ್ಕದಲ್ಲಿ ಮನೆಗಳಿರುವುದರಿಂದ ಚಳಿಗಾಲದಲ್ಲಿ ಒಳಗಿನ ಬಿಸಿಯು ಬೇಗನೆ ಸೋರಿಹೋಗುವುದಿಲ್ಲ. ಅಗಲ ಕಡಿಮೆಯಾಗಿರುವುದರಿಂದ ಮನೆಯು ಮೇಲಕ್ಕೆ ಬೆಳೆಯುತ್ತದೆ: ನೆಲದಡಿಯಲ್ಲಿ ಒಂದು ಅಂತಸ್ತು, ನೆಲದ ಮೇಲೆ ಮೂರು, ಸೂರಿನ ಕೆಳಗೆ ಮತ್ತೊಂದು. ಆದರೆ ಇಂತಹ ಸಾಲಿಗೆ ಒಂದು ದೋಷವೂ ಉಂಟು. ಒಬ್ಬೊಬ್ಬರು ತಮಗೆ ತೋಚಿದಂತೆ ಕಟ್ಟಿದರೆ ಬೀದಿಯು ಅಸ್ತವ್ಯಸ್ತವಾಗುತ್ತದೆ. ಎಲ್ಲರೂ ಒಂದೇ ಬಗೆಯ ಸಣ್ಣ ಮನೆಯನ್ನು ಕಟ್ಟಿದರೆ ನೋಡುವವನಿಗೆ ಬೇಸರ ಹುಟ್ಟುತ್ತದೆ.

ಈ ತೊಡಕನ್ನು ಬಿಡಿಸಿದವನು ಜಾನ್ ವುಡ್. ಇವನು ೧೭೦೪ರಲ್ಲಿ ಬಾತ್ ನಗರದ ಕಟ್ಟಡಗಾರನೊಬ್ಬನ ಮಗನಾಗಿ ಜನಿಸಿದನು. ಹದಿನಾರನೆಯ ಶತಮಾನದ ಇಟಲಿಯ ವಾಸ್ತುಶಿಲ್ಪಿ ಪಲ್ಲಾಡಿಯೋನ ಕೃತಿಗಳು ಆಗ ಇಂಗ್ಲೆಂಡಿನ ಶಿಲ್ಪಿಗಳಿಗೆ ಮಾದರಿಯಾಗಿದ್ದವು. ಪ್ರಾಚೀನ ರೋಮಿನ ಕಟ್ಟಡಗಳ ಅಳತೆ, ಅನುಪಾತ, ಸ್ತಂಭಶ್ರೇಣಿಗಳನ್ನು ಹೊಸ ಕಾಲದ ಮನೆಗಳಿಗೆ ಅಳವಡಿಸುವುದು ಪಲ್ಲಾಡಿಯೋನ ಮಾರ್ಗ. ವುಡ್ ಆ ಮಾರ್ಗವನ್ನು ಹಿಡಿದು, ೧೭೨೮ರಿಂದ ೧೭೩೬ರವರೆಗೆ ಕ್ವೀನ್ ಸ್ಕ್ವೇರ್ ಎಂಬ ಚೌಕವನ್ನು ನಿರ್ಮಿಸಿದನು. ಅದರ ಉತ್ತರದ ಬದಿಯಲ್ಲಿ ಇರುವುದು ಬೇರೆ ಬೇರೆ ಮನೆಗಳು. ಆದರೆ ಎದುರಿನಿಂದ ನೋಡಿದರೆ ಅವೆಲ್ಲವೂ ಸೇರಿ ಒಂದೇ ಅರಮನೆಯಂತೆ ತೋರುತ್ತವೆ. ಒಬ್ಬೊಬ್ಬರಾಗಿ ಅರಮನೆಯನ್ನು ಕಟ್ಟಿಸಲಾರದ ಜನರು ಒಂದುಗೂಡಿ ಅರಮನೆಯ ಮುಖವನ್ನು ಪಡೆದರು.

ಬಳಿಕ ೧೭೫೪ರಲ್ಲಿ ವುಡ್ ಸರ್ಕಸ್ ಎಂಬ ವೃತ್ತಾಕಾರದ ಮನೆಗಳ ಗುಂಪಿಗೆ ಅಡಿಗಲ್ಲನ್ನಿರಿಸಿದನು. ಮೂರು ಕಮಾನುಗಳಾಗಿ ಬಾಗಿದ ೩೩ ಮನೆಗಳು ಒಂದು ಬಯಲನ್ನು ಸುತ್ತುವರಿದು ನಿಲ್ಲುವ ಯೋಜನೆ ಅದು. ಆದರೆ ಅದೇ ವರ್ಷ ಅವನು ತೀರಿಕೊಂಡನು. ತಂದೆಯ ಕೆಲಸವನ್ನು ಅದೇ ಹೆಸರಿನ ಮಗ, ಕಿರಿಯ ಜಾನ್ ವುಡ್, ೧೭೬೮ರ ವೇಳೆಗೆ ಪೂರ್ಣಗೊಳಿಸಿದನು. ತಂದೆಯು ಚೌಕದಿಂದ ವೃತ್ತಕ್ಕೆ ನಡೆದಿದ್ದನು. ಮಗನು ವೃತ್ತದಿಂದ ಅರ್ಧಚಂದ್ರಕ್ಕೆ ನಡೆದನು. ಸರ್ಕಸ್ಸಿನಿಂದ ಪಶ್ಚಿಮಕ್ಕೆ ಬ್ರಾಕ್ ಬೀದಿ ಎಂಬ ಒಂದು ಸರಳವಾದ ಬೀದಿಯನ್ನು ಅವನು ಎಳೆದನು. ಆ ಬೀದಿಯಲ್ಲಿ ಕಣ್ಸೆಳೆಯುವ ಆಡಂಬರವೇನೂ ಇಲ್ಲ. ಅದರ ತುದಿಯನ್ನು ಮುಟ್ಟುವವರೆಗೂ ಮುಂದೆ ಏನಿದೆಯೆಂದು ನಡೆಯುವವನಿಗೆ ತಿಳಿಯುವುದಿಲ್ಲ. ತುದಿಗೆ ಬಂದೊಡನೆ ಬಲಗಡೆ ಮೂವತ್ತು ಮನೆಗಳ ಬಾಗಿದ ಸಾಲು, ಎಡಗಡೆ ಇಳಿಜಾರಿನ ಹಸುರು ಬಯಲು, ಎದುರಿಗೆ ವಿಶಾಲವಾದ ಆಕಾಶ ಒಮ್ಮೆಲೇ ತೆರೆದುಕೊಳ್ಳುತ್ತವೆ. ಅದೇ ರಾಯಲ್ ಕ್ರೆಸೆಂಟ್. ೧೭೬೭ರಲ್ಲಿ ಆರಂಭವಾದ ಇದರ ಕೆಲಸ ೧೭೭೫ರ ಹೊತ್ತಿಗೆ ಮುಗಿಯಿತು. ಮೊದಲು ಇದಕ್ಕೆ ಕ್ರೆಸೆಂಟ್, ಎಂದರೆ ಬಾಲಚಂದ್ರ, ಎಂದಷ್ಟೇ ಹೆಸರಿತ್ತು. ರಾಜಕುಮಾರ ಫ್ರೆಡರಿಕ್ ಇಲ್ಲಿ ತಂಗಿದ ನಂತರ, ಹದಿನೆಂಟನೆಯ ಶತಮಾನದ ಕೊನೆಯಲ್ಲಿ, 'ರಾಯಲ್' ಎಂಬ ವಿಶೇಷಣವು ಸೇರಿತು.

ಇದರ ಮುಖಭಾಗದ ರಚನೆಯನ್ನು ಗಮನಿಸೋಣ. ಸುಮಾರು ೫೦೦ ಅಡಿಗಳ ಉದ್ದಕ್ಕೆ ಕಟ್ಟಡವು ಅರ್ಧ ದೀರ್ಘವೃತ್ತದ ಆಕಾರದಲ್ಲಿ ಬಾಗಿದೆ. ನೆಲ ಅಂತಸ್ತಿನ ಗೋಡೆಗೆ ಯಾವ ಅಲಂಕಾರವೂ ಇಲ್ಲ. ಅದು ಮೇಲಿನ ಭಾಗಕ್ಕೆ ಪೀಠದಂತೆ ನಿಂತಿದೆ. ಆ ಪೀಠದ ಮೇಲಿನಿಂದ ಮೊದಲನೆಯ ಮತ್ತು ಎರಡನೆಯ ಮಹಡಿಗಳೆರಡನ್ನೂ ಒಟ್ಟಿಗೆ ದಾಟಿ ಸ್ತಂಭಗಳು ಮೇಲಕ್ಕೇರುತ್ತವೆ. ಅವುಗಳ ಸಂಖ್ಯೆ ೧೧೪. ಇವು ಅಯೋನಿಕ್ ಶೈಲಿಯವು. ಎಂದರೆ ಕಂಬದ ಬೋದಿಗೆಯ ಎರಡು ಪಕ್ಕಗಳಲ್ಲಿಯೂ ಸುರುಳಿಗಳಿರುತ್ತವೆ. ಕಂಬಗಳ ಮೇಲೆ ಅಡ್ಡಪಟ್ಟಿ, ಅದರ ಮೇಲೆ ಸಣ್ಣ ಕಂಬಗಳ ಕಟಾಂಜನದಂತಹ ಗಿಡ್ಡ ಗೋಡೆ. ಇಷ್ಟೇ ಅದರ ಅಲಂಕಾರ. ಮಧ್ಯದಲ್ಲಿ ಶಿಖರವಿಲ್ಲ, ಗುಮ್ಮಟವಿಲ್ಲ. ನಡುವೆ ಬರುವ ೧೬ನೆಯ ಮನೆಯ ಮುಂದೆ ಮಾತ್ರ ಕಂಬಗಳು ಜೋಡಿಯಾಗಿವೆ, ಕಿಟಕಿಯೊಂದರ ತಲೆಯು ಕಮಾನಾಗಿದೆ. ಸೂಕ್ಷ್ಮವಾಗಿ ನೋಡದವನಿಗೆ ಈ ವ್ಯತ್ಯಾಸವು ಗೋಚರಿಸುವುದೇ ಇಲ್ಲ. ಒಂದೇ ಅಳತೆಯ ಕಂಬಗಳು ಒಂದರ ಪಕ್ಕದಲ್ಲೊಂದು ಬರುತ್ತಾ ಬಾಗಿನಲ್ಲಿ ಸಾಗುವಾಗ, ಕೆಲವುದರ ಮೇಲೆ ಬೆಳಕು ಬೀಳುತ್ತದೆ, ಕೆಲವುದರ ಮೇಲೆ ನೆರಳು. ಈ ಬೆಳಕು ನೆರಳುಗಳು ದಿನದ ಹೊತ್ತಿಗೆ ತಕ್ಕಂತೆ ಸರಿಯುವುದರಿಂದ ಕಟ್ಟಡಕ್ಕೆ ಬೇರೆ ಅಲಂಕಾರದ ಅಗತ್ಯವೇ ಇಲ್ಲದಂತಾಗಿದೆ.

ಕಟ್ಟಡಕ್ಕೆ ಬಳಸಿದ ಕಲ್ಲೂ ಈ ಸೊಬಗಿಗೆ ಕಾರಣ. ಅದು ಸುತ್ತಲಿನ ಬೆಟ್ಟಗಳಲ್ಲಿಯೇ ದೊರೆಯುವ, ಜೇನಿನ ಬಣ್ಣದ ಸುಣ್ಣಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಬೆಚ್ಚನೆಯ ಸಮುದ್ರದ ತಳದಲ್ಲಿ ಸುಣ್ಣದ ಸಣ್ಣ ಸಣ್ಣ ಗುಂಡುಗಳು ಒಂದಕ್ಕೊಂದು ಅಂಟಿಕೊಂಡು ಉಂಟಾದುದು. ಗಣಿಯಿಂದ ತೆಗೆದ ಹೊಸದರಲ್ಲಿ ಇದು ಮೃದುವಾಗಿರುತ್ತದೆ, ಗರಗಸದಿಂದಲೇ ಕೊಯ್ಯಬಹುದು. ಗಾಳಿಗೆ ಒಡ್ಡಿದ ಮೇಲೆ ಕ್ರಮೇಣ ಗಟ್ಟಿಯಾಗುತ್ತದೆ. ರಾಲ್ಫ್ ಆಲೆನ್ ಎಂಬ ಉದ್ಯಮಿಯು ಕೂಮ್ ಡೌನ್ ಎಂಬ ಗುಡ್ಡದಲ್ಲಿ ಗಣಿಗಳನ್ನು ಹೊಂದಿದ್ದನು. ಅಲ್ಲಿಂದ ನದಿಯ ದಡದವರೆಗೆ ಅವನು ೧೭೩೧ರ ವೇಳೆಗೆ ಮರದ ಹಳಿಗಳ ಹಾದಿಯನ್ನು ಹಾಕಿಸಿ, ಕಲ್ಲು ತುಂಬಿದ ಬಂಡಿಗಳು ಇಳಿಜಾರಿನಲ್ಲಿ ಜಾರಿ ಬರುವಂತೆ ಮಾಡಿದನು. ಇದರಿಂದ ಕಲ್ಲಿನ ಬೆಲೆ ಇಳಿಯಿತು. ಒಂದೇ ಬಣ್ಣದ ಕಲ್ಲು ಊರೆಲ್ಲಕ್ಕೂ ದೊರೆತುದರಿಂದ ಊರಿಗೆ ಒಂದೇ ಬಣ್ಣವೂ ಬಂದಿತು.

ಇಷ್ಟು ದೊಡ್ಡ ಕಟ್ಟಡವನ್ನು ಕಟ್ಟಿಸಲು ಹಣ ಕೊಟ್ಟವರಾರು? ರಾಜನು ಕೊಡಲಿಲ್ಲ, ಸರ್ಕಾರವೂ ಕೊಡಲಿಲ್ಲ. ವುಡ್ ಮನೆತನದವರು ಅನುಸರಿಸಿದ ಕ್ರಮವು ಹೀಗಿತ್ತು. ಮೊದಲು ಭೂಮಿಯ ಒಡೆಯರಿಂದ ನೆಲವನ್ನು ದೀರ್ಘಕಾಲದ ಗುತ್ತಿಗೆಗೆ ಪಡೆಯುವುದು. ಮುಖಭಾಗದ ನಕ್ಷೆಯನ್ನು ತಾವೇ ಸಿದ್ಧಪಡಿಸುವುದು. ಬಳಿಕ ನೆಲವನ್ನು ಪಾಲು ಮಾಡಿ ಒಂದೊಂದು ಪಾಲನ್ನು ಒಬ್ಬೊಬ್ಬರಿಗೆ ಒಳಗುತ್ತಿಗೆಗೆ ಕೊಡುವುದು. ಪಾಲನ್ನು ಪಡೆದವನು ಎದುರಿನ ಗೋಡೆಯನ್ನು ನಕ್ಷೆಯಲ್ಲಿದ್ದಂತೆಯೇ ಕಟ್ಟಬೇಕು; ಅದರಲ್ಲಿ ಒಂದು ಅಂಗುಲವನ್ನೂ ಬದಲಿಸುವಂತಿಲ್ಲ. ಗೋಡೆಯ ಹಿಂದೆ ಮಾತ್ರ ಅವನು ತನ್ನ ಇಷ್ಟದಂತೆ ತನ್ನದೇ ಶಿಲ್ಪಿಯಿಂದ ಮನೆಯನ್ನು ಕಟ್ಟಿಸಿಕೊಳ್ಳಬಹುದು. ಆ ಕಾಲದ ಇಂತಹ ಗುತ್ತಿಗೆಗಳಲ್ಲಿ ಕಟ್ಟಡವು ಏಳುವವರೆಗೆ ಮೊದಲ ಒಂದೆರಡು ವರ್ಷ ಹೆಸರಿಗೆ ಮಾತ್ರ ಬಾಡಿಗೆಯಿರುತ್ತಿತ್ತು. ಪತ್ರದಲ್ಲಿ ಅದನ್ನು 'ಒಂದು ಮೆಣಸಿನಕಾಳು' ಎಂದು ಬರೆಯುವ ವಾಡಿಕೆಯೂ ಇತ್ತು. ಹೀಗೆ ಹಲವರ ಹಣದಿಂದ, ಒಬ್ಬನ ನಕ್ಷೆಯಂತೆ, ಒಂದು ಕಟ್ಟಡವು ಎದ್ದು ನಿಂತಿತು.

ಈ ಕ್ರಮದ ಪರಿಣಾಮವನ್ನು ಕಾಣಬೇಕಾದರೆ ಕಟ್ಟಡವನ್ನು ಬಳಸಿಕೊಂಡು ಹಿಂಬದಿಗೆ ಹೋಗಬೇಕು. ಎದುರಿನಲ್ಲಿ ಕಂಡ ಶಿಸ್ತು ಅಲ್ಲಿ ಕಾಣುವುದಿಲ್ಲ. ಒಂದು ಮನೆಯ ಸೂರು ಎತ್ತರ, ಪಕ್ಕದ್ದು ತಗ್ಗು. ಒಂದರ ಗೋಡೆ ಹೊರಚಾಚಿದೆ, ಮತ್ತೊಂದರದು ಒಳಸರಿದಿದೆ. ಕಿಟಕಿಗಳು ಒಂದೇ ಸಾಲಿನಲ್ಲಿಲ್ಲ. ಎದುರಿನ ನುಣುಪಾಗಿ ಕೆತ್ತಿದ ಕಲ್ಲಿನ ಸ್ಥಾನದಲ್ಲಿ ಒರಟು ಕಲ್ಲುಗಳಿವೆ. ಒಳಗಿನ ಕೋಣೆಗಳ ವಿನ್ಯಾಸವೂ ಮನೆಯಿಂದ ಮನೆಗೆ ಬೇರೆ. ಇದನ್ನು ಕಂಡು, 'ಇದೆಲ್ಲಾ ಬರಿಯ ಮುಖವಾಡ' ಎಂದು ಹಳಿಯುವವರೂ ಉಂಟು. ಆದರೆ ಬೇರೊಂದು ಬಗೆಯಲ್ಲಿಯೂ ಇದನ್ನು ಅರ್ಥಮಾಡಿಕೊಳ್ಳಬಹುದು. ಎಲ್ಲರೂ ನೋಡುವ ಕಡೆ ಎಲ್ಲರೂ ಒಂದು ನಿಯಮಕ್ಕೆ ಒಪ್ಪಿದರು. ತಾವು ಮಾತ್ರ ಬಾಳುವ ಕಡೆ ತಮ್ಮ ತಮ್ಮ ಇಚ್ಛೆಯನ್ನು ಉಳಿಸಿಕೊಂಡರು. ಬೀದಿಗೆ ಸಲ್ಲಬೇಕಾದುದು ಬೀದಿಗೆ ಸಂದಿತು, ಮನೆಗೆ ಸಲ್ಲಬೇಕಾದುದು ಮನೆಗೆ ಸಂದಿತು.

ಮನೆಗಳ ಮುಂದಿರುವ ಬಯಲಿನಲ್ಲಿಯೂ ಇಂತಹದೇ ಒಂದು ಜಾಣ್ಮೆಯಿದೆ. ಮೇಲಿನ ಹುಲ್ಲುಹಾಸು ನಿವಾಸಿಗಳಿಗೆ ಸೇರಿದುದು. ಅದರಾಚೆ ಮೇವಿನ ಬಯಲಿತ್ತು. ಎರಡರ ನಡುವೆ ಬೇಲಿ ಹಾಕಿದರೆ ನೋಟವು ಕೆಡುತ್ತದೆ. ಹಾಕದಿದ್ದರೆ ದನಕುರಿಗಳು ಮನೆಬಾಗಿಲಿಗೆ ಬರುತ್ತವೆ. ಅದಕ್ಕಾಗಿ ನೆಲವನ್ನು ಅಗೆದು, ಒಂದು ಬದಿಗೆ ಕಲ್ಲಿನ ಗೋಡೆಯನ್ನು ಕಟ್ಟಿ, ಅದರ ತಲೆಯು ಮೇಲಿನ ಹುಲ್ಲಿನ ಮಟ್ಟಕ್ಕೆ ನಿಲ್ಲುವಂತೆ ಮಾಡಿದರು. ಮನೆಯಿಂದ ನೋಡಿದರೆ ಹಸುರು ಒಂದೇ ಸಮನಾಗಿ ಇಳಿದು ಹೋದಂತೆ ಕಾಣುತ್ತದೆ. ಕೆಳಗಿನಿಂದ ಬರುವ ದನಕ್ಕೆ ಗೋಡೆಯು ಅಡ್ಡವಾಗುತ್ತದೆ. ಇದಕ್ಕೆ ಇಂಗ್ಲಿಷರು ಇಟ್ಟ ಹೆಸರು 'ಹಾ-ಹಾ'. ಹತ್ತಿರ ಬಂದವನು ಅನಿರೀಕ್ಷಿತವಾಗಿ ಅದನ್ನು ಕಂಡು ಹೊರಡಿಸುವ ಉದ್ಗಾರದಿಂದ ಈ ಹೆಸರು ಬಂದಿತೆನ್ನುತ್ತಾರೆ.

ಆದರೆ ಈ ಸುಂದರವಾದ ಮುಖವು ಕೆಲವು ಸಂಗತಿಗಳನ್ನು ಮರೆಮಾಡಿತ್ತೆಂಬುದನ್ನೂ ನಾವು ತಿಳಿಯಬೇಕು. ನೆಲ ಅಂತಸ್ತಿನಲ್ಲಿ ಊಟದ ಕೋಣೆ, ಮೊದಲ ಮಹಡಿಯಲ್ಲಿ ಅತಿಥಿಗಳನ್ನು ಸತ್ಕರಿಸುವ ದಿವಾನಖಾನೆ, ಅದರ ಮೇಲೆ ಮಲಗುವ ಕೋಣೆಗಳು. ಇವು ಒಡೆಯರ ಲೋಕ. ನೆಲದಡಿಯ ಅಂತಸ್ತಿನಲ್ಲಿ ಅಡಿಗೆಮನೆ, ಸೂರಿನ ಕೆಳಗೆ ಆಳುಗಳು ಮಲಗುವ ಇಕ್ಕಟ್ಟಾದ ಕೋಣೆಗಳು. ಕೆಲಸದವರ ದಿನವೆಲ್ಲವೂ ಈ ಎರಡು ಕತ್ತಲೆಯ ತುದಿಗಳ ನಡುವೆ ನೀರು, ಕಲ್ಲಿದ್ದಲು, ಊಟಗಳನ್ನು ಹೊತ್ತು ಮೆಟ್ಟಿಲು ಹತ್ತಿ ಇಳಿಯುವುದರಲ್ಲಿ ಕಳೆಯುತ್ತಿತ್ತು. ಎದುರಿನಿಂದ ನೋಡುವವನಿಗೆ ಮೇಲಿನ ಗಿಡ್ಡ ಗೋಡೆಯು ಸೂರಿನ ಕೋಣೆಗಳನ್ನೂ, ರಸ್ತೆಯ ಮಟ್ಟವು ಅಡಿಗೆಮನೆಯನ್ನೂ ಮುಚ್ಚಿಬಿಡುತ್ತಿದ್ದವು. ಈ ಊರಿಗೆ ಹರಿದು ಬಂದ ಐಶ್ವರ್ಯದ ಮೂಲವೂ ಹಾಗೆಯೇ ಮರೆಯಲ್ಲಿತ್ತು. ಅದರಲ್ಲಿ ಒಂದು ಪಾಲು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಆಫ್ರಿಕದ ಗುಲಾಮರು ಸುರಿಸಿದ ಬೆವರಿನಿಂದ ಬಂದುದು. ಮತ್ತೊಂದು ಪಾಲು ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಗಳಿಸಿ ಒಯ್ದುದು. ಪ್ಲಾಸಿ ಕದನದ ರಾಬರ್ಟ್ ಕ್ಲೈವನು ಸ್ವಲ್ಪ ಕಾಲ ವಾಸಿಸಿದ ಮನೆಯು ಸಮೀಪದ ಸರ್ಕಸ್ಸಿನಲ್ಲಿಯೇ ಇದೆ.

ಕಾಲ ಕಳೆದಂತೆ ಶ್ರೀಮಂತರ ಒಲವು ಸಮುದ್ರತೀರದ ಊರುಗಳ ಕಡೆಗೆ ತಿರುಗಿತು. ಬಾತ್ ನಗರವು ಶಾಂತವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೆಲವು ಮನೆಗಳವರು ಹೊರನೋಟ ಹೆಚ್ಚಲೆಂದು ಮೊದಲ ಮಹಡಿಯ ಕಿಟಕಿಗಳ ಕೆಳ ಅಂಚನ್ನು ತಗ್ಗಿಸಿದರು. ಕಲ್ಲಿದ್ದಲಿನ ಹೊಗೆಯಿಂದ ಜೇನುಬಣ್ಣದ ಕಲ್ಲು ಕಪ್ಪಾಯಿತು. ಈ ಕಾಲದಲ್ಲಿ ಇಲ್ಲಿ ನೆಲಸಿದವರಲ್ಲಿ ಐಸಾಕ್ ಪಿಟ್‌ಮನ್ ಒಬ್ಬನು. ಮಾತನ್ನು ಅದೇ ವೇಗದಲ್ಲಿ ಬರೆದುಕೊಳ್ಳುವ ಶೀಘ್ರಲಿಪಿಯೊಂದನ್ನು ರೂಪಿಸಿದ ಇವನ ಹೆಸರು ಕರ್ನಾಟಕದ ಊರೂರುಗಳ ವಾಣಿಜ್ಯ ಶಿಕ್ಷಣ ಶಾಲೆಗಳಲ್ಲಿ ಕಲಿತ ಅನೇಕರಿಗೆ ಪರಿಚಿತ. ಅವನು ೧೮೯೭ರಲ್ಲಿ ಇಲ್ಲಿಯ ೧೭ನೆಯ ಮನೆಯಲ್ಲಿ ಕೊನೆಯುಸಿರೆಳೆದನು.

ಅದೇ ೧೭ನೆಯ ಮನೆಗೆ ೧೯೪೨ರಲ್ಲಿ ವಿಪತ್ತು ಬಂದಿತು. ಎರಡನೆಯ ಮಹಾಯುದ್ಧದ ಆ ವರ್ಷ ಏಪ್ರಿಲ್ ತಿಂಗಳ ಕೊನೆಯಲ್ಲಿ ಜರ್ಮನ್ ವಿಮಾನಗಳು ಬಾತ್ ನಗರದ ಮೇಲೆ ಬಾಂಬುಗಳನ್ನು ಸುರಿಸಿದವು. ಈ ದಾಳಿಯಲ್ಲಿ ೪೦೦ಕ್ಕೂ ಹೆಚ್ಚು ಜನರು ಮಡಿದರು. ರಾಯಲ್ ಕ್ರೆಸೆಂಟಿನ ೨ ಮತ್ತು ೧೭ನೆಯ ಮನೆಗಳ ಒಳಭಾಗವು ಬೆಂಕಿಗೆ ಆಹುತಿಯಾಯಿತು. ಯುದ್ಧವು ಮುಗಿದ ಮೇಲೆ ಅವುಗಳನ್ನು ಮತ್ತೆ ಕಟ್ಟಿದರು. ಇಂದು ಎದುರಿನಿಂದ ನೋಡುವವನಿಗೆ ಸುಟ್ಟ ಮನೆಗಳಾವುವು, ಉಳಿದವಾವುವು ಎಂದು ತಿಳಿಯುವುದಿಲ್ಲ. ಮೂವತ್ತು ಮನೆಗಳಿಗೂ ಮುಖವೊಂದೇ ಆದುದರಿಂದ, ಅದರಲ್ಲಿ ಎರಡು ಹಲ್ಲುಗಳು ಉದುರಿದಂತೆ ಬಿಡುವುದು ಯಾರಿಗೂ ಒಪ್ಪಿಗೆಯಾಗಲಿಲ್ಲ.

ಬಾಂಬಿನಿಂದ ಉಳಿದುದನ್ನು ಶಾಂತಿಕಾಲವು ಕೆಡವತೊಡಗಿದುದು ಸೋಜಿಗದ ಸಂಗತಿ. ೧೯೬೦ರ ದಶಕದಲ್ಲಿ ಮತ್ತು ೧೯೭೦ರ ದಶಕದ ಆರಂಭದಲ್ಲಿ ಬಾತ್ ನಗರದ ಹಲವಾರು ಹಳೆಯ ಸಾಲುಮನೆಗಳನ್ನು ಉರುಳಿಸಿ ಹೊಸ ಕಟ್ಟಡಗಳನ್ನು ಎಬ್ಬಿಸಿದರು. ರಾಯಲ್ ಕ್ರೆಸೆಂಟ್, ಸರ್ಕಸ್ ಮುಂತಾದ ಪ್ರಸಿದ್ಧ ಕಟ್ಟಡಗಳನ್ನು ಯಾರೂ ಮುಟ್ಟಲಿಲ್ಲ. ಕೆಡವಿದ್ದು ಕುಶಲಕರ್ಮಿಗಳೂ ಸಣ್ಣ ವ್ಯಾಪಾರಿಗಳೂ ಬಾಳಿದ ಸಾಧಾರಣ ಮನೆಗಳನ್ನು. ಅವು ಹಳತಾಗಿದ್ದುದು, ದುರಸ್ತಿಯಿಲ್ಲದೆ ಹದಗೆಟ್ಟಿದ್ದುದು ನಿಜ. ಆದರೆ ಅವುಗಳ ಗೋಡೆಗಳೂ ಅದೇ ಕಲ್ಲಿನವು, ಅವುಗಳ ಕಿಟಕಿಗಳೂ ಅದೇ ಅನುಪಾತದವು. ದೊಡ್ಡ ಮನೆಗಳ ಕಲ್ಲನ್ನು ಕೆತ್ತಿದಂತಹ ಕೈಗಳು ಬಾಳಿದ ತಾಣಗಳು ಅವು. ೧೯೭೩ರಲ್ಲಿ ಆಡಮ್ ಫರ್ಗ್ಯುಸನ್ ಈ ನಾಶವನ್ನು ಖಂಡಿಸಿ ಒಂದು ಪುಸ್ತಕವನ್ನು ಬರೆದನು. ಜನರ ಅಭಿಪ್ರಾಯವು ಬದಲಾಗಿ ಕೆಡವುವ ಕೆಲಸವು ನಿಲ್ಲುತ್ತಾ ಬಂದಿತು. ಆದರೆ ಆ ವೇಳೆಗೆ ಹೋದ ಮನೆಗಳು ಮರಳಿ ಬರುವಂತಿರಲಿಲ್ಲ. ಮುತ್ತಿನ ಸರದಲ್ಲಿ ಪದಕವನ್ನು ಉಳಿಸಿಕೊಂಡು ದಾರವನ್ನೇ ಕಡಿದಂತಾಯಿತು.

ಅದೇ ೧೯೭೦ರ ದಶಕದಲ್ಲಿ ರಾಯಲ್ ಕ್ರೆಸೆಂಟಿನಲ್ಲಿ ಒಂದು ಸಣ್ಣ ವಿವಾದವೂ ನಡೆಯಿತು. ಅಲ್ಲಿಯ ಬಾಗಿಲುಗಳಿಗೆ ಬಿಳಿಯ ಬಣ್ಣವನ್ನು ಬಳಿಯುವುದು ಸಂಪ್ರದಾಯ. ೨೨ನೆಯ ಮನೆಯ ಒಡತಿಯು ತನ್ನ ಬಾಗಿಲಿಗೆ ಹಳದಿ ಬಣ್ಣವನ್ನು ಬಳಿಸಿದಳು. ಮತ್ತೆ ಬಿಳಿಯ ಬಣ್ಣವನ್ನೇ ಬಳಿಸಬೇಕೆಂದು ನಗರಾಡಳಿತವು ನೋಟೀಸನ್ನು ಕೊಟ್ಟಿತು. ಆಕೆ ಮಣಿಯಲಿಲ್ಲ. ವಿವಾದವು ಕೇಂದ್ರ ಸರ್ಕಾರದ ಮಂತ್ರಿಯವರೆಗೂ ಹೋಯಿತು. ಬಾಗಿಲು ಹಳದಿಯಾಗಿಯೇ ಉಳಿಯಬಹುದೆಂದು ಮಂತ್ರಿಯು ತೀರ್ಪಿತ್ತನು. ಒಂದು ಬಾಗಿಲಿನ ಬಣ್ಣಕ್ಕಾಗಿ ಇಷ್ಟೊಂದು ರಂಪವೇ ಎಂದು ನಮಗೆ ನಗು ಬರಬಹುದು. ಆದರೆ ಪಾಠದ ಆರಂಭದಲ್ಲಿ ನಾವು ಕೇಳಿದ ಪ್ರಶ್ನೆಯೇ ಅಲ್ಲಿ ಮತ್ತೆ ಎದ್ದಿತ್ತು. ಗೋಡೆಯು ಎಲ್ಲರದೆಂಬುದನ್ನು ಎಲ್ಲರೂ ಒಪ್ಪಿದ್ದರು, ಬಾಗಿಲು ಯಾರದು? ಬೀದಿಯೂ ಮನೆಯೂ ಕೂಡುವ ಸ್ಥಳವೇ ಬಾಗಿಲು. ಎಲ್ಲರ ಹಕ್ಕು ಎಲ್ಲಿ ಮುಗಿಯುತ್ತದೆ, ಒಬ್ಬರ ಹಕ್ಕು ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆಯನ್ನು ಎಳೆಯುವುದು ಅಲ್ಲಿಯೇ ಕಷ್ಟ.

೧೯೮೭ರಲ್ಲಿ ಯುನೆಸ್ಕೋ ಸಂಸ್ಥೆಯು ಬಾತ್ ನಗರವನ್ನು ವಿಶ್ವಪರಂಪರೆಯ ತಾಣವೆಂದು ಘೋಷಿಸಿತು. ಇಂದು ರಾಯಲ್ ಕ್ರೆಸೆಂಟಿನ ಕೆಲವು ಮನೆಗಳಲ್ಲಿ ಒಂದೊಂದೇ ಸಂಸಾರವಿದೆ. ಹಲವು ಮನೆಗಳು ಫ್ಲಾಟುಗಳಾಗಿ ಹಂಚಿಹೋಗಿವೆ. ನಡುವಿನ ಭಾಗದಲ್ಲಿ ಒಂದು ಹೋಟೆಲಿದೆ. ೧ನೆಯ ಮನೆಯು ೧೯೭೦ರಿಂದ ವಸ್ತುಸಂಗ್ರಹಾಲಯವಾಗಿದೆ. ಅದರ ಕಿಟಕಿಗಳನ್ನು ಮೊದಲಿನ ಅಳತೆಗೇ ತಂದಿದ್ದಾರೆ. ಬಹುಕಾಲದಿಂದ ಬೇರೆಯಾಗಿದ್ದ ಅದರ ಆಳುಗಳ ಭಾಗವನ್ನೂ ೨೦೧೩ರಲ್ಲಿ ಮರಳಿ ಕೂಡಿಸಿ ಪ್ರೇಕ್ಷಕರಿಗೆ ತೆರೆದಿದ್ದಾರೆ. ಅಡಿಗೆಮನೆಯ ಗೋಡೆಯ ಮೇಲೆ ಒಂದು ಚಕ್ರವಿದೆ. ಅಂದಿನ ಅಡಿಗೆಮನೆಗಳಲ್ಲಿ ಇಂತಹ ಚಕ್ರದೊಳಗೆ ಒಂದು ಸಣ್ಣ ನಾಯಿಯನ್ನು ಓಡಿಸುತ್ತಿದ್ದರು. ಅದು ಓಡಿದಂತೆ ಒಲೆಯ ಮುಂದಿನ ಮಾಂಸದ ಸಲಾಕೆಯು ತಿರುಗುತ್ತಿತ್ತು. ದಿವಾನಖಾನೆಯ ಬೆಳ್ಳಿಯ ದೀಪಗಳನ್ನು ನೋಡಿ ಬಂದವರು ಈ ಚಕ್ರದ ಮುಂದೆಯೂ ನಿಲ್ಲುತ್ತಾರೆ. ಎದುರಿನ ಗೋಡೆಯು ಇನ್ನೂರು ವರ್ಷ ಹೇಳದೆ ಬಿಟ್ಟ ಕಥೆಯನ್ನು ಅದು ಹೇಳುತ್ತದೆ.

ರಾಯಲ್ ಕ್ರೆಸೆಂಟನ್ನು ನೋಡಿ ಇಂಗ್ಲೆಂಡಿನ ಅನೇಕ ಊರುಗಳಲ್ಲಿ ಬಾಗಿದ ಸಾಲುಮನೆಗಳನ್ನು ಕಟ್ಟಿದರು. ಅದರ ಆಕಾರವನ್ನು ಅನುಕರಿಸುವುದು ಸುಲಭ. ಅದರ ಹಿಂದಿನ ಒಪ್ಪಂದವನ್ನು ಪಾಲಿಸುವುದು ಕಷ್ಟ. ನೆರೆಯವನ ಕಂಬಕ್ಕಿಂತ ತನ್ನ ಕಂಬವು ಎತ್ತರವಾಗಿರಲೆಂದು ಮೂವತ್ತು ಜನರಲ್ಲಿ ಒಬ್ಬನು ಹಟ ಹಿಡಿದಿದ್ದರೂ ಆ ಬಾಲಚಂದ್ರನಿಗೆ ಊನ ಬರುತ್ತಿತ್ತು. ಅವರು ಬೀದಿಗೆ ಒಂದು ಗೋಡೆಯನ್ನು ಬಿಟ್ಟುಕೊಟ್ಟರು. ಅದಕ್ಕೆ ಪ್ರತಿಯಾಗಿ ಪ್ರತಿಯೊಬ್ಬರಿಗೂ ಇಡೀ ಬೀದಿಯ ಚೆಲುವು ದೊರೆಯಿತು. ಊರನ್ನು ಕಟ್ಟುವವರೂ ಉಳಿಸುವವರೂ ಈ ಒಪ್ಪಂದವನ್ನು ಮರೆಯಬಾರದು. ಅದರಲ್ಲಿ ದೊಡ್ಡ ಮನೆಗಳಿಗೆ ಇರುವಷ್ಟೇ ಪಾಲು ಸಣ್ಣ ಮನೆಗಳಿಗೂ, ಮಹಡಿಯವರಿಗೆ ಇರುವಷ್ಟೇ ಪಾಲು ನೆಲದಡಿಯವರಿಗೂ ಉಂಟು.